ಕೆಂಪು ಪೆನ್ಸಿಲಿನ ಕಾಲಂ

ತೊಗಾಶಿ ಕಿಯೊಮಿಯ ಕೆಲಸ ಈ ಮಾರ್ಚ್ ಕೊನೆಗೆ ಮುಗಿಯುತ್ತದೆ. ಮೂವತ್ತನಾಲ್ಕು ವರ್ಷ ಒಂದೇ ಹೈಸ್ಕೂಲು, ಒಂದೇ ಕೋಣೆ, ಒಂದೇ ಗೋಡೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ ಅವಳಿಗೆ. ಕೋಣೆಯ ಬಾಗಿಲಿಗೆ ‘ಮುಂದಿನ ದಾರಿಯ ಸಲಹೆ’ ಅಂತ ಬೋರ್ಡು ಹಾಕಿದ್ದಾರೆ. ಆದರೆ ಸಲಹೆ ಕೊಡುವವರು ಮೇಷ್ಟ್ರುಗಳು, ಕಿಯೊಮಿ ಬರೀ ಗುಮಾಸ್ತೆ. ಲಕೋಟೆ ಅಂಟಿಸುವುದು, ಸೀಮೆಎಣ್ಣೆ ಒಲೆಗೆ ಎಣ್ಣೆ ತುಂಬುವುದು, ಅದರ ಮೇಲಿನ ಕೆಟಲಿಗೆ ನೀರು ಹಾಕುವುದು ಅವಳ ಪಾಲು. ಜನವರಿ ಕೊನೆ ಬಂತೆಂದರೆ ಗೋಡೆಯ ಹಾಳೆ ಬರೆಯುವುದೂ ಅವಳದೇ.

ಈ ಹಾಳೆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಇರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳ ಒಂದೊಂದು ವಿಭಾಗಕ್ಕೆ ಒಂದೊಂದು ಸಾಲು. ಮೊದಲ ಕಾಲಂನಲ್ಲಿ ಸೀಟು ಎಷ್ಟು, ಎರಡನೆಯದರಲ್ಲಿ ಅರ್ಜಿ ಹಾಕಿದವರು ಎಷ್ಟು, ಪಕ್ಕದಲ್ಲಿ ಭಾಗಿಸಿ ಬಂದದ್ದು: ಎಷ್ಟು ಪಟ್ಟು. ಹತ್ತು ಸೀಟಿಗೆ ಮೂವತ್ತು ಅರ್ಜಿಯಾದರೆ ಮೂರು ಪಟ್ಟು. ಇಷ್ಟೇ ಲೆಕ್ಕ, ಮೂರನೇ ಕ್ಲಾಸಿನ ಮಗುವೂ ಮಾಡೀತು. ಆದರೆ ಆ ಹತ್ತು ಹದಿನೈದು ದಿನ ಇಡೀ ಊರಿಗೆ ಇದರದೇ ಹುಚ್ಚು. ಸ್ವಂತ ಮಗನ ಚಪ್ಪಲಿ ಅಳತೆ ಗೊತ್ತಿಲ್ಲದ ಅಪ್ಪಂದಿರು ಕೂಡ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಕ್ಷೌರದ ಅಂಗಡಿಯಲ್ಲೂ ಅದೇ ಮಾತು, ಮೀನಿನ ಅಂಗಡಿಯಲ್ಲೂ ಅದೇ. ಪಟ್ಟು ಕಡಿಮೆ ಇರುವ ಕಡೆಗೆ ಎಲ್ಲರೂ ನುಗ್ಗುತ್ತಾರೆ. ನುಗ್ಗಿದ ಮೇಲೆ ಅದು ಕಡಿಮೆ ಇರುತ್ತದೆಯೇ? ಇಷ್ಟು ವರ್ಷವಾದರೂ ಈ ಜನಕ್ಕೆ ಅಷ್ಟು ಬುದ್ಧಿ ಬಂದಿಲ್ಲ.

ಹಾಳೆಯಲ್ಲಿ ಇನ್ನೊಂದು ಕಾಲಂ ಇದೆ. ಅದನ್ನು ಕಿಯೊಮಿ ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಬರೆಯಿರಿ ಅಂತ ಅವಳಿಗೆ ಯಾರೂ ಹೇಳಿದ್ದಲ್ಲ. ಅರ್ಜಿ ಹಾಕಿದವರೆಲ್ಲ ಪರೀಕ್ಷೆಗೆ ಬರುವುದಿಲ್ಲ. ಸೀಟಿದ್ದಷ್ಟೇ ಜನರನ್ನು ತೆಗೆದುಕೊಳ್ಳುವುದೂ ಇಲ್ಲ, ಕೆಲವರು ಬೇರೆಡೆ ಹೋಗಿಬಿಟ್ಟಾರು ಅಂತ ಒಂದಿಷ್ಟು ಹೆಚ್ಚೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹಿಂದಿನ ವರ್ಷ ನಿಜವಾಗಿ ಕೂತು ಬರೆದವರನ್ನು ಪಾಸಾದವರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಕೆಂಪಿನಲ್ಲಿ ಬರೆಯುತ್ತಾಳೆ. ವಿಭಾಗಗಳು ಸೀಟುಗಳನ್ನು ಎರಡು ಪಾಲು ಮಾಡಿ ಎರಡು ಸಲ ಪ್ರವೇಶ ಪರೀಕ್ಷೆ ನಡೆಸುತ್ತವೆ. ಫೆಬ್ರವರಿಯ ಮೊದಲ ಪರೀಕ್ಷೆಗೆ ಎರಡು ಲೆಕ್ಕಕ್ಕೂ ಅಂಥ ವ್ಯತ್ಯಾಸವಿಲ್ಲ. ಮಾರ್ಚ್ ಹನ್ನೆರಡರ ಎರಡನೇ ಪರೀಕ್ಷೆಯದು ಬೇರೆಯೇ ಕಥೆ. ಹುಡುಗರು ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿರುತ್ತಾರೆ. ಮೊದಲನೆಯದರಲ್ಲಿ ಪಾಸಾದವನು ಎರಡನೆಯದಕ್ಕೆ ಯಾಕೆ ಬಂದಾನು? ಕಾಗದದ ಮೇಲೆ ಹನ್ನೆರಡು ಪಟ್ಟು ಅಂತ ಹೆದರಿಸುವ ವಿಭಾಗ ಪರೀಕ್ಷೆಯ ದಿನ ಬೆಳಿಗ್ಗೆ ಎರಡೂವರೆ ಪಟ್ಟಿಗೆ ಇಳಿದಿರುತ್ತದೆ.

“ಇದೆಲ್ಲ ಈಗ ಮೊಬೈಲಲ್ಲೇ ಬರುತ್ತೆ ತೊಗಾಶಿಯವರೇ, ಸುಮ್ನೆ ಯಾಕೆ ಕೈ ನೋಯಿಸ್ಕೋತೀರಿ?” ಅಂದಿದ್ದರು ಕುದೋ ಮೇಷ್ಟ್ರು, ಸಲಹೆ ಕೋಣೆಯ ಹೊಸ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ವಯಸ್ಸು ಮೂವತ್ತಾರು. ಮುಂದಿನ ವರ್ಷದಿಂದ ಹಾಳೆ ಬೇಡ ಅಂತ ತೀರ್ಮಾನವೂ ಆಗಿದೆ.

“ನೋಯಲಿ ಬಿಡಿ, ಇದೇ ಕೊನೇ ಸಲ ತಾನೆ,” ಅಂದಳು ಕಿಯೊಮಿ.

ಮೊದಲ ಪರೀಕ್ಷೆಯ ಫಲಿತಾಂಶ ಮಾರ್ಚ್ ಏಳಕ್ಕೆ ಬಂತು. ಮಾರನೇ ದಿನ ಬೆಳಿಗ್ಗೆ ಶೋಜಿ ಹೊನಾಮಿ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಭೂವಿಜ್ಞಾನ ಓದಬೇಕೆಂದು ಮೂರು ವರ್ಷದಿಂದ ಜಪ ಮಾಡುತ್ತಿದ್ದ ಹುಡುಗಿ. ಸಮುದ್ರದ ದಂಡೆಯ ಬಂಡೆ ಕಂಡರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು, ಅವಳ ಜೊತೆ ನಡೆದು ಹೋದರೆ ಬಸ್ಸು ತಪ್ಪುವುದೇ ಅಂತ ಗೆಳತಿಯರು ಆಡಿಕೊಳ್ಳುತ್ತಿದ್ದರು. ಮುಖ ನೋಡಿದರೇ ಸಾಕಿತ್ತು, ಕಿಯೊಮಿಗೆ ಗೊತ್ತಾಯಿತು. ಒಲೆಯ ಪಕ್ಕ ಕುರ್ಚಿ ಎಳೆದು ಹಾಕಿದಳು.

“ಆಗಲಿಲ್ಲ ಅಮ್ಮ.”

“ಹೂಂ. ಟೀ ಕುಡಿ ಮೊದಲು.”

“ಹನ್ನೆರಡಕ್ಕೆ ಎರಡನೇ ಪರೀಕ್ಷೆ ಇದೆ. ಆದ್ರೆ ಅವತ್ತೇ ನಮ್ಮೂರಿನ ಹಲ್ಲಿನ ಆಸ್ಪತ್ರೆ ತರಬೇತಿ ಶಾಲೆದು ಕೊನೇ ಸಂದರ್ಶನ. ಅಲ್ಲಿ ಹೋದ್ರೆ ಸೀಟು ಗ್ಯಾರಂಟಿ. ಅಪ್ಪ ಅಲ್ಲಿಗೇ ಹೋಗು ಅಂತಾರೆ.”

“ನಿಂಗೆ ಹಲ್ಲು ಇಷ್ಟಾನಾ?”

“ಅಯ್ಯೋ, ಯಾರಿಗಮ್ಮ ಇಷ್ಟ?” ಹುಡುಗಿ ನಗಲು ಹೋದಳು, ಆಗಲಿಲ್ಲ. “ಹನ್ನೆರಡು ಸೀಟಿಗೆ ನೂರ ಮೂವತ್ತೊಂಬತ್ತು ಅರ್ಜಿ. ಹನ್ನೊಂದು ಪಾಯಿಂಟ್ ಆರು ಪಟ್ಟು. ಒಂದ್ಸಲ ಆಗದವಳು ಹನ್ನೊಂದು ಜನರನ್ನ ಹಿಂದೆ ಹಾಕ್ತೀಯಾ ಅಂತ ಕೇಳ್ತಾರೆ ಅಪ್ಪ. ಏನು ಹೇಳ್ಲಿ?”

ಕಿಯೊಮಿ ಎದ್ದು ಅವಳನ್ನು ಗೋಡೆಯ ಹತ್ತಿರ ಕರೆದೊಯ್ದಳು. ಭೂವಿಜ್ಞಾನದ ಸಾಲಿನ ಕೆಂಪು ಅಂಕಿಯ ಮೇಲೆ ಬೆರಳಿಟ್ಟಳು. ಹೋದ ವರ್ಷ ಅರ್ಜಿ ನೂರ ಇಪ್ಪತ್ತೇಳು, ಬಂದು ಬರೆದವರು ನಲವತ್ತೊಂದು, ಪಾಸಾದವರು ಹದಿನೇಳು. ಎರಡು ಪಾಯಿಂಟ್ ನಾಲ್ಕು.

“ಕುದೋ ಮೇಷ್ಟ್ರೂ ಫೋನಲ್ಲಿ ಇದನ್ನೇ ಹೇಳಿದ್ರು. ಅಪ್ಪ ನಂಬಲ್ಲ. ಶಾಲೆ ಹೆಸರು ಪೇಪರಲ್ಲಿ ಬರ್ಲಿ ಅಂತ ಮೇಷ್ಟ್ರುಗಳು ಹಿಂಗೆಲ್ಲ ಹುರಿದುಂಬಿಸ್ತಾರೆ ಅಂತಾರೆ. ನಂಗೂ ಹಿಂದೆ ಹದಿನಾಲ್ಕು ಪಟ್ಟು ಇತ್ತು, ನಾನು ಹೋಗ್ಲಿಲ್ಲ, ಹೋಗದೇ ಇದ್ದಿದ್ದಕ್ಕೆ ಏನು ಸತ್ತೋದ್ನಾ ಅಂತಾರೆ.” ಹುಡುಗಿ ಕೆಂಪು ಅಂಕಿಯನ್ನೇ ನೋಡುತ್ತಿದ್ದಳು. “ಅಪ್ಪ ಹೇಳಿ ಹೇಳಿ ನಂಗೂ ಈಗ ಹನ್ನೊಂದೇ ಕಾಣುತ್ತೆ ಅಮ್ಮ. ಎರಡು ಅನ್ನೋದು ಕಾಣಲ್ಲ.”

ಆ ಹದಿನಾಲ್ಕು ಅನ್ನುವ ಮಾತು ಕೇಳಿ ಕಿಯೊಮಿ ಹಾಳೆಯ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

ಹೊನಾಮಿಯ ಅಪ್ಪ ಶೋಜಿ ತೆತ್ಸುಯ ಇದೇ ಶಾಲೆಯಲ್ಲಿ ಓದಿದವನು. ಮೂವತ್ತು ವರ್ಷದ ಹಿಂದಿನ ಮಾತು, ಆಗ ಕಿಯೊಮಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಹಾಳೆಯಲ್ಲಿ ಕೆಂಪು ಕಾಲಂ ಇನ್ನೂ ಇರಲಿಲ್ಲ. ಹಡಗು ಕಟ್ಟುವುದನ್ನು ಓದಬೇಕೆಂದು ಆಸೆ ಇಟ್ಟುಕೊಂಡಿದ್ದ ಹುಡುಗ, ಮೊದಲ ಪರೀಕ್ಷೆಯಲ್ಲಿ ಆಗದೆ, ಇದೇ ಒಲೆಯ ಪಕ್ಕ ಟೋಪಿ ಹಿಂಡುತ್ತ ನಿಂತಿದ್ದ. ಮೇಷ್ಟ್ರುಗಳು ಯಾವುದೋ ಸಭೆಯಲ್ಲಿದ್ದರು. “ಹದಿನೈದು ಸೀಟಿಗೆ ಇನ್ನೂರ ಹದಿಮೂರು ಜನ ಅಂತೆ. ಹೋಗ್ಲಾ ಬೇಡ್ವಾ ಅಕ್ಕಾ?” ಅಂತ ಅವಳನ್ನೇ ಕೇಳಿದ. ಅವಳು ಕಾಗದಕ್ಕೆ ಪಿನ್ನು ಹೊಡೆಯುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ. “ಹದಿನಾಲ್ಕು ಪಟ್ಟು ಕಣೋ. ಈ ಹಿಮದಲ್ಲಿ ಅಷ್ಟು ದೂರ ಹೋಗಿ ಸುಮ್ನೆ ಯಾಕೆ ಒದ್ದಾಡ್ತೀಯ,” ಅಂದಳು. ಹುಡುಗ ತಲೆಬಾಗಿ, ಥ್ಯಾಂಕ್ಸ್ ಹೇಳಿ ಹೋದ.

ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಪುಸ್ತಿಕೆ ಬಂತು. ಕಪಾಟಿನಲ್ಲಿ ಇಡುವ ಮುಂಚೆ ಹಾಗೇ ತಿರುವಿ ಹಾಕಿದಳು. ಹಡಗು ವಿಭಾಗ, ಎರಡನೇ ಪರೀಕ್ಷೆ: ಬರೆದವರು ಅರವತ್ತೆರಡು, ಪಾಸಾದವರು ಇಪ್ಪತ್ತಮೂರು. ಮತ್ತೆ ಮತ್ತೆ ಭಾಗಿಸಿದಳು. ಎಷ್ಟು ಸಲ ಭಾಗಿಸಿದರೂ ಎರಡು ಪಾಯಿಂಟ್ ಏಳೇ ಬಂತು. ಅಷ್ಟರಲ್ಲಿ ಹುಡುಗ ಊರಿನ ರಸ್ತೆ ಇಲಾಖೆಗೆ ಸೇರಿಬಿಟ್ಟಿದ್ದ. ಆ ಚಳಿಗಾಲದಿಂದಲೇ ಕೆಂಪು ಪೆನ್ಸಿಲು ಶುರುವಾದದ್ದು. ಯಾಕೆ ಅಂತ ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಶೋಜಿ ಈಗ ಹಿಮ ಸರಿಸುವ ದೊಡ್ಡ ಗಾಡಿ ಓಡಿಸುತ್ತಾನೆ. ಚಳಿಗಾಲದ ಬೆಳಿಗ್ಗೆ ದಾರಿಯಲ್ಲಿ ಕಿಯೊಮಿ ಕಂಡರೆ ಗಾಡಿ ನಿಧಾನ ಮಾಡಿ, ಕಿಟಕಿಯೊಳಗಿಂದ ಕೈ ಎತ್ತುತ್ತಾನೆ. ಅವಳು ಬಾಗಿ ನಮಸ್ಕರಿಸುತ್ತಾಳೆ. ಆಮೇಲೆ ಶಾಲೆ ಮುಟ್ಟುವವರೆಗೂ ಅವಳ ಕಾಲು ಭಾರವಾಗಿರುತ್ತದೆ. ಹೀಗೇ ಮೂವತ್ತು ಚಳಿಗಾಲ.

ಹೊನಾಮಿ ಬಂದುಹೋದ ದಿನವೇ ಮಧ್ಯಾಹ್ನ ಕಿಯೊಮಿ ಅರ್ಧ ದಿನ ರಜೆ ಬರೆದುಕೊಟ್ಟು, ಬಂದರಿನ ಹತ್ತಿರ ಹಿಮದ ಗಾಡಿಗಳನ್ನು ನಿಲ್ಲಿಸುವ ಶೆಡ್ಡಿನ ಕಡೆ ಹೊರಟಳು. ಮಂಡಿ ನೋವು, ಎದುರುಗಾಳಿ, ಕೆಸರಾದ ಹಿಮ. ನನಗ್ಯಾಕೆ ಬೇಕಿತ್ತು ಇದು, ಇನ್ನು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತಲ್ಲ ಅಂತ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಶೆಡ್ಡಿನ ಮುಂದೆ ಶೋಜಿ ಗಾಡಿಯ ಅಲಗಿಗೆ ಅಂಟಿದ ಮಂಜುಗಡ್ಡೆ ಕುಟ್ಟಿ ಉದುರಿಸುತ್ತಿದ್ದ.

“ಓಹೋ, ಯಾರಿದು! ಇಲ್ಲೀ ತನಕ ನಡ್ಕೊಂಡೇ ಬಂದ್ರಾ?” ಸುತ್ತಿಗೆ ಕೆಳಗಿಟ್ಟು, ಪಕ್ಕದ ಯಂತ್ರಕ್ಕೆ ಕಾಸು ಹಾಕಿ ಬಿಸಿ ಕಾಫಿಯ ಡಬ್ಬಿ ತಂದು ಅವಳ ಕೈಗಿಟ್ಟ. “ಹೊನಾಮಿ ವಿಷಯ ತಾನೆ? ಮೇಷ್ಟ್ರು ಫೋನ್ ಮಾಡಿ ಸಾಕಾಗಿ ಈಗ ನಿಮ್ಮನ್ನ ಕಳಿಸಿದ್ರಾ?”

“ಯಾರೂ ಕಳಿಸಿಲ್ಲ. ನಾನೇ ಬಂದೆ.”

“ನಂಗೂ ಲೆಕ್ಕ ಬರುತ್ತೆ ಅಮ್ಮ. ಹನ್ನೆರಡು ಜನ ಹೋದ್ರೆ ಹನ್ನೊಂದು ಜನ ಬೀಳ್ತಾ... ಥೂ! ಪರೀಕ್ಷೆ ಮುಗಿಯೋ ತನಕ ಬೀಳೋದು ಜಾರೋದು ಅನ್ನೋ ಮಾತೇ ಆಡ್ಬಾರ್ದು, ಅಪಶಕುನ ಅಂತ ಮನೇಲಿ ಹೆಂಡ್ತಿ ಕಟ್ಟಪ್ಪಣೆ. ಹಿಮ ಗುಡಿಸೋನು ಜಾರೋದು ಅನ್ನದೆ ಹೆಂಗಮ್ಮ ಬದುಕೋದು?” ಅವನೇ ನಕ್ಕ. ಆಮೇಲೆ ದನಿ ತಗ್ಗಿಸಿದ. “ಮಗು ಒಂದ್ಸಲ ಅತ್ತಿದೆ. ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಅಳಿಸ್ಲಾ? ನಂಗೆ ಹದಿನಾಲ್ಕು ಪಟ್ಟು ಇದ್ದಾಗ ಬೇಡ ಕಣೋ ಅಂತ ನೀವೇ ತಾನೆ ಹೇಳಿದ್ದು? ಮೇಷ್ಟ್ರುಗಳೆಲ್ಲ ಹೋಗು ಹೋಗು ಅನ್ನೋರು. ಈ ಶಾಲೇಲಿ ನಂಗೆ ನಿಜ ಹೇಳಿದೋರು ನೀವೊಬ್ರೇ. ಆ ಉಪಕಾರ ನಾನು ಮರೆತಿಲ್ಲ. ಅದಕ್ಕೇ ನಿಮ್ಮನ್ನ ಕಂಡಾಗೆಲ್ಲ ಕೈ ಎತ್ತೋದು.”

ಕಿಯೊಮಿ ಕಾಫಿಯ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಬೈಯುತ್ತಾನೆ ಅಂತ ಹೆದರಿ ಬಂದವಳು ಅವಳು. ಅವನು ಇಷ್ಟು ವರ್ಷ ತನಗೆ ಋಣಿಯಾಗಿದ್ದ ಅನ್ನುವುದು ಅವಳ ಕನಸಿನಲ್ಲೂ ಇರಲಿಲ್ಲ.

“ಶೋಜಿ,” ಅಂದಳು, “ನಾನು ಹೇಳಿದ್ದು ನಿಜ ಅಲ್ಲ.”

“ಏನು?”

“ಇನ್ನೂರ ಹದಿಮೂರು ಜನ ಅರ್ಜಿ ಹಾಕಿದ್ರು, ಅದು ನಿಜ. ಅವತ್ತು ಬಂದು ಬರೆದೋರು ಅರವತ್ತೆರಡೇ ಜನ. ಹದಿನೈದು ಸೀಟು ಅಂದಿದ್ರು, ತಗೊಂಡಿದ್ದು ಇಪ್ಪತ್ತಮೂರು ಜನರನ್ನ. ಹದಿನಾಲ್ಕಲ್ಲ, ಎರಡು ಪಾಯಿಂಟ್ ಏಳು. ಪುಸ್ತಿಕೆ ನೋಡದೆ, ಮೇಷ್ಟ್ರನ್ನ ಕೇಳದೆ, ತಲೆನೂ ಎತ್ತದೆ ನಾನು ಬಾಯಿಗೆ ಬಂದಿದ್ದು ಹೇಳಿದೆ. ನೀನು ನಂಬಿಬಿಟ್ಟೆ.”

ಶೋಜಿ ಕೈಗವಸು ತೆಗೆದ, ಮತ್ತೆ ಹಾಕಿಕೊಂಡ. “ನಿಮಗೆ ಯಾವಾಗ ಗೊತ್ತಾಯ್ತು?”

“ಆ ಮೇ ತಿಂಗಳಲ್ಲೇ.”

“ಆ ಮೇ ತಿಂಗಳಲ್ಲೇ,” ಅಂತ ಅವನು ಇನ್ನೊಮ್ಮೆ ಹೇಳಿಕೊಂಡ. “ಮೂವತ್ತು ವರ್ಷ ದಾರೀಲಿ ನಂಗೆ ತಲೆಬಾಗಿ ನಮಸ್ಕಾರ ಹಾಕ್ತಿದ್ರಲ್ಲ, ಆಗೆಲ್ಲ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಈಗ ಯಾಕೆ ಹೇಳಿದ್ರಿ? ನಾನು ಆರಾಮಾಗಿದ್ದೆ ಅಮ್ಮ. ಹೋಗಿದ್ರೂ ಆಗ್ತಿರಲಿಲ್ಲ ಅಂತ ನೆಮ್ಮದಿಯಾಗಿದ್ದೆ.”

“ನಾನು ಅವತ್ತು ಹೇಳಿದ ಮಾತನ್ನೇ ಇವತ್ತು ನೀನು ಮಗಳಿಗೆ ಹೇಳ್ತಿದೀಯ. ಅದಕ್ಕೆ ಹೇಳಿದೆ. ಅಲ್ಲಿಗೆ ಹೋದ್ರೆ ಅವಳಿಗೆ ಸಿಕ್ಕೇ ಸಿಗುತ್ತೆ ಅನ್ನಲ್ಲ ನಾನು. ಎರಡೂವರೆ ಜನರಲ್ಲಿ ಒಬ್ಬಳು, ಅಷ್ಟೇ. ಆದ್ರೆ ಹನ್ನೊಂದಲ್ಲ.”

ಕ್ಷಮಿಸು ಅನ್ನಬೇಕಿತ್ತು, ಆಗಲಿಲ್ಲ. ಸೊಂಟ ಬಾಗಿಸಿ ಹಾಗೇ ನಿಂತಳು. ತಲೆ ಎತ್ತಿದಾಗ ಶೋಜಿ ಗಾಡಿ ಹತ್ತುತ್ತಿದ್ದ.

“ಹೋಗಿ ಅಮ್ಮ,” ಅಂದ, ಇವಳ ಕಡೆ ನೋಡದೆ. “ದಯವಿಟ್ಟು ಹೋಗಿ.”

ಮನೆಗೆ ಬಂದು ಹೊಸ್ತಿಲ ಬಳಿ ಬೂಟೂ ಬಿಚ್ಚದೆ ತುಂಬ ಹೊತ್ತು ಕೂತಿದ್ದಳು. ಕಾಫಿಯ ಡಬ್ಬಿ ಕೋಟಿನ ಜೇಬಿನಲ್ಲಿ ತಣ್ಣಗಾಗಿತ್ತು. ಹೇಳಿದ್ದರಿಂದ ಮನಸ್ಸು ಹಗುರವಾಗುತ್ತದೆ ಅನ್ನುವವರನ್ನು ಕರೆದು ಒಮ್ಮೆ ಅಲ್ಲಿ ಕೂರಿಸಬೇಕಿತ್ತು. ಅವನ ನೆಮ್ಮದಿಯನ್ನು ಕಿತ್ತುಕೊಂಡದ್ದಾಯಿತು, ಹುಡುಗಿಗೆ ಏನಾದರೂ ಸಿಕ್ಕಿತೇ, ಗೊತ್ತಿಲ್ಲ. ಅಡುಗೆ ಮಾಡಲು ಮನಸ್ಸಾಗದೆ ಅನ್ನಕ್ಕೆ ಬರೀ ಹಸಿರು ಟೀ ಸುರಿದುಕೊಂಡು ಉಂಡಳು.

ಒಂಬತ್ತು, ಹತ್ತು, ಹನ್ನೊಂದು. ಹೊನಾಮಿ ಶಾಲೆಯ ಕಡೆ ಬರಲಿಲ್ಲ. ಕುದೋ ಮೇಷ್ಟ್ರು ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. “ಹಲ್ಲಿನ ಕಡೆಗೇ ಹೋಗ್ತಾಳೆ ಅನ್ಸುತ್ತೆ,” ಅಂದರು ಮೇಷ್ಟ್ರು. “ನಾವು ಹೇಳೋದಷ್ಟೇ ತೊಗಾಶಿಯವರೇ. ಎಳ್ಕೊಂಡು ಹೋಗಕ್ಕಾಗುತ್ತಾ?” ಹನ್ನೊಂದರ ಮಧ್ಯಾಹ್ನ ಗಾಳಿ ಎದ್ದು ಕರಾವಳಿಯ ರೈಲುಗಳೆಲ್ಲ ನಿಂತವು. ವಿಶ್ವವಿದ್ಯಾಲಯ ಇರುವ ಊರಿಗೆ ಐದು ಗಂಟೆಯ ದಾರಿ. ರೈಲೇ ಇಲ್ಲವೆಂದ ಮೇಲೆ ಇನ್ನೇನು ಅಂದುಕೊಂಡು ಕಿಯೊಮಿ ಆಸೆ ಬಿಟ್ಟಳು.

ಹನ್ನೆರಡನೇ ತಾರೀಕು ಬೆಳಿಗ್ಗೆ ಒಲೆ ಹಚ್ಚಿ, ಕೆಟಲಿಗೆ ನೀರು ಹಾಕಿ, ಗೋಡೆಯ ಹಾಳೆಗೆ ಬೆನ್ನು ಮಾಡಿ ಕೂತಿದ್ದಳು. ಹತ್ತೂಕಾಲಿಗೆ ಮೇಜಿನ ಮೇಲಿನ ಹಳೇ ಫೋನು ಬಡಿದುಕೊಂಡಿತು.

“ಶೋಜಿ ಮಾತಾಡ್ತಿರೋದು.” ಅವನ ದನಿಯ ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು. “ಮಗು ಒಳಗೆ ಹೋಗಿದೆ. ಹತ್ತು ಗಂಟೆಗೆ ಶುರುವಾಯ್ತು.”

ಕಿಯೊಮಿ ಕುರ್ಚಿಯಿಂದ ಎದ್ದು ನಿಂತಳು. “ರೈಲು ನಿಂತಿತ್ತಲ್ಲೋ,” ಅಂದಳು.

“ರೈಲು ನಿಂತ್ರೆ ಹಿಮದ ಗಾಡಿಯವನೂ ನಿಲ್ತಾನಾ? ನಿನ್ನೆ ಮಧ್ಯಾಹ್ನ ನನ್ನ ಸ್ವಂತ ಗಾಡೀಲಿ ಹೊರಟ್ವಿ. ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಮಾತಾಡ್ಲಿಲ್ಲ. ನನ್ನ ಹದಿನಾಲ್ಕರ ಕಥೆ ಮಾತ್ರ ಹೇಳ್ದೆ. ನಿಜವಾದ ಕಥೆ. ಅಮ್ಮ, ಇಲ್ಲಿ ಭೂವಿಜ್ಞಾನದೋರಿಗೆ ಬೇರೆ ಬಾಗಿಲು, ಬಾಣದ ಗುರುತು ಹಾಕಿದಾರೆ. ಎಂಟೂವರೆಯಿಂದ ಅದರ ಎದುರಿಗೇ ನಿಂತು ಒಳಗೆ ಹೋದೋರನ್ನ ಒಬ್ಬೊಬ್ಬರನ್ನೇ ಎಣಿಸಿದೆ. ಕೊನೇಲಿ ಓಡೋಡಿ ಬಂದ ಒಬ್ಬನನ್ನೂ ಸೇರಿಸಿ ನಲವತ್ತಮೂರು.”

“ನಲವತ್ತಮೂರು,” ಅಂದಳು ಕಿಯೊಮಿ.

“ಅಂದ್ರೆ ತೊಂಬತ್ತಾರು ಜನ ಬಂದಿಲ್ಲ. ಅವರೆಲ್ಲ ಮೊದಲೇ ಬೇರೆ ಕಡೆ ಪಾಸಾದೋರಾ?”

“ಹೆಚ್ಚಿನವರು ಹೌದು.”

“ಎಲ್ಲರೂ?”

ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳಿ ಆಗಿತ್ತು, ಇನ್ನೊಮ್ಮೆ ಹೇಳಲು ಅವಳಿಗೆ ಶಕ್ತಿ ಇರಲಿಲ್ಲ. “ಎಲ್ಲರೂ ಅಲ್ಲ,” ಅಂದಳು. “ಕೆಲವರು ಅಂಕಿ ನೋಡಿ ಹೆದರಿ ಮನೇಲೇ ಕೂತಿರ್ತಾರೆ.”

ಶೋಜಿ ಬಾಯಲ್ಲೇ ಲೆಕ್ಕ ಹಾಕುವುದು ಫೋನಿನಲ್ಲಿ ಕೇಳಿಸಿತು.

“ಹಂಗಾದ್ರೆ ಅವತ್ತು ಇನ್ನೂರ ಹದಿಮೂರರಲ್ಲಿ ಅರವತ್ತೆರಡು ಕಳೆದ್ರೆ ನೂರ ಐವತ್ತೊಂದು ಖಾಲಿ ಕುರ್ಚಿ,” ಅಂದ ಶೋಜಿ. “ಅದರಲ್ಲಿ ಒಂದು ನಂದು. ನಾನು ಹೋಗದೇ ಇದ್ದಿದ್ದಕ್ಕೇ ಉಳಿದೋರಿಗೆ ಅಷ್ಟು ಸುಲಭ ಆಯ್ತು.”

ಶೆಡ್ಡಿನ ಮುಂದೆ ಹೇಳಲಾಗದ ಮಾತು ಈಗ ತಾನಾಗೇ ಹೊರಬಿತ್ತು. “ಕ್ಷಮಿಸು ಶೋಜಿ. ನನ್ನನ್ನ ಕ್ಷಮಿಸಪ್ಪ.”

“ಕ್ಷಮಿಸೋ ವಿಷಯ ಆಮೇಲೆ ನೋಡೋಣ,” ಅಂದ ಅವನು. “ಮೊದಲು ನಲವತ್ತಮೂರು ಅಂತ ಗೋಡೆ ಮೇಲೆ ಬರೀರಿ. ಬೇರೆ ಯಾರಾದ್ರೂ ಬಂದು ನೋಡ್ಬಹುದು.”

ಫೋನು ಇಟ್ಟು ಅವಳು ಕೆಂಪು ಪೆನ್ಸಿಲು ಹುಡುಕಿದಳು. ಅದು ಸವೆದು ಬೆರಳಿನ ಗೆಣ್ಣಿನಷ್ಟೇ ಉಳಿದಿತ್ತು. ಭೂವಿಜ್ಞಾನದ ಸಾಲಿನಲ್ಲಿ, ಹೋದ ವರ್ಷದ ಕೆಂಪು ಅಂಕಿಯ ಪಕ್ಕ, ಈ ವರ್ಷ ಬಂದು ಬರೆದವರು ನಲವತ್ತಮೂರು ಅಂತ ಬರೆದಳು. ಪಾಸಾದವರ ಸಂಖ್ಯೆಗೆ ಜಾಗ ಖಾಲಿ ಬಿಟ್ಟಳು.